ಒಂದೇ ಕೆರೆ, ಒಂದೇ ಬಕ: ಹಕ್ಕಿ ಫೋಟೋಗ್ರಫಿ ಕಲಿಯುವವರಿಗೆ

ಹಕ್ಕಿ ಫೋಟೋ ತೆಗೆಯಲು ಹೊರಟ ಬಹಳಷ್ಟು ಜನ ಲೆನ್ಸ್ ಕೊಂಡ ಮೊದಲ ತಿಂಗಳಲ್ಲೇ ದಾಂಡೇಲಿಯ ಮಂಗಟ್ಟೆಗೋ ರಂಗನತಿಟ್ಟಿನ ದೋಣಿಗೋ ಓಡುತ್ತಾರೆ. ಹೊಸ ಜಾಗ, ಹೊಸ ಹಕ್ಕಿ, ಹೊಸ ಬೆಳಕು. ಸಾವಿರ ಫೋಟೋ ತೆಗೆದು ಬಂದರೂ ಯಾವುದು ಯಾಕೆ ಕೆಟ್ಟಿತು ಎಂದು ತಿಳಿಯುವುದಿಲ್ಲ. ಹೋಲಿಸಿ ನೋಡಲು ಅದೇ ಜಾಗದ ಎರಡನೇ ದಿನವೇ ಅವರ ಬಳಿ ಇರುವುದಿಲ್ಲವಲ್ಲ. ಕಲಿಯಲು ಬೇಕಾದದ್ದು ಮನೆಯಿಂದ ಹತ್ತು ಹದಿನೈದು ನಿಮಿಷದ ದಾರಿಯಲ್ಲಿರುವ ಒಂದು ಕೆರೆ, ಅಲ್ಲಿ ದಿನವೂ ಸಿಗುವ ಒಂದು ಹಕ್ಕಿ, ಫೋಟೋ ನೋಡಿ ಮುಚ್ಚುಮರೆಯಿಲ್ಲದೆ ಹೇಳುವ ಇಬ್ಬರು ಮೂವರು. ಎರಡು ಮೂರು ತಿಂಗಳು ಇದಿಷ್ಟನ್ನೇ ಹಿಡಿದುಕೊಂಡರೆ ಆಮೇಲೆ ಎಲ್ಲಿಗೆ ಹೋದರೂ ಕೈ ಖಾಲಿಯಾಗಿ ಬರುವುದಿಲ್ಲ.

ಕೊಳಬಕದಿಂದ ಶುರು ಮಾಡಿ

ಬಯಲುಸೀಮೆಯಲ್ಲಾಗಲಿ ಮಲೆನಾಡಿನಲ್ಲಾಗಲಿ ಕೆರೆ ಏರಿಯ ಕಲ್ಲಿನ ಮೇಲೋ ಜೊಂಡಿನ ಅಂಚಿನಲ್ಲೋ ಕಂದು ಬೆನ್ನಿನ, ಗೆರೆಗೆರೆ ಕತ್ತಿನ ಕೊಳಬಕ ಕುತ್ತಿಗೆ ಒಳಗೆಳೆದುಕೊಂಡು ನಿಂತಿರುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹಕ್ಕಿ ಸಿಗುವುದು ಕಷ್ಟ. ಎಷ್ಟೋ ಹೊತ್ತು ಒಂದೇ ಕಡೆ ನಿಲ್ಲುತ್ತದೆ. ಜನರ ಓಡಾಟ ಇರುವ ಕೆರೆಯಲ್ಲಿ ನಿಧಾನವಾಗಿ ಹೋದರೆ 12-15 ಮೀಟರ್‌ವರೆಗೂ ಬಿಟ್ಟುಕೊಳ್ಳುತ್ತದೆ. ಮೀನಿಗೆ ಎರಗುವ ಮುಂಚೆ ಸೂಚನೆಯನ್ನೂ ಕೊಡುತ್ತದೆ.

ಗಾತ್ರದ ಲೆಕ್ಕವೂ ಅನುಕೂಲಕರವಾಗಿದೆ. ಕೊಳಬಕ ಸುಮಾರು 45 ಸೆಂ.ಮೀ. ಉದ್ದದ ಹಕ್ಕಿ. 400 ಮಿ.ಮೀ. ಲೆನ್ಸ್‌ನಲ್ಲಿ 15 ಮೀಟರ್ ದೂರದಿಂದ ತೆಗೆದರೆ ಸೆನ್ಸರ್ ಮೇಲೆ ಅದರ ಬಿಂಬ 12 ಮಿ.ಮೀ. ಆಗುತ್ತದೆ. ಹೆಚ್ಚಿನ ಹವ್ಯಾಸಿ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಗಾತ್ರದ ಸೆನ್ಸರ್‌ನ ಅಗಲ ಸುಮಾರು 23.5 ಮಿ.ಮೀ.; ಅಂದರೆ ಹಕ್ಕಿ ಅರ್ಧ ಫ್ರೇಮ್ ತುಂಬುತ್ತದೆ. ಅದೇ ದೂರದಲ್ಲಿ 20 ಸೆಂ.ಮೀ. ಉದ್ದದ ಮಡಿವಾಳ ಹಕ್ಕಿ ಕಾಲು ಫ್ರೇಮ್ ಕೂಡ ತುಂಬದು. 10 ಸೆಂ.ಮೀ. ಇರುವ ಸೂರಕ್ಕಿಗೆ 5 ಮೀಟರ್‌ವರೆಗೆ ಹೋಗಬೇಕು, ಅದೋ ಕ್ಷಣವೂ ನಿಲ್ಲದ ಹಕ್ಕಿ. ಸಣ್ಣ ಹಕ್ಕಿಗಳಿಂದ ಕಲಿಕೆ ಶುರು ಮಾಡಿದವರು ಬೇಗ ಬೇಸರಗೊಂಡು ಬಿಡುವುದಕ್ಕೆ ಈ ಲೆಕ್ಕವೇ ಕಾರಣ.

ಕೆರೆ ಹತ್ತಿರ ಇಲ್ಲದವರು ಮನೆ ಸುತ್ತಲಿನ ಪಿಕಳಾರ, ಗೊರವಂಕ, ಪಾರಿವಾಳಗಳಲ್ಲೇ ಇದನ್ನೆಲ್ಲ ಮಾಡಬಹುದು. ಹಾರುವ ಹಕ್ಕಿಯ ಅಭ್ಯಾಸಕ್ಕೆ ಊರಿನ ಮೀನು ಮಾರ್ಕೆಟ್ಟಿನ ಮೇಲೆ ಸುತ್ತುವ ಹದ್ದುಗಳಷ್ಟು ಅನುಕೂಲ ಬೇರೆ ಯಾವುದೂ ಇಲ್ಲ.

ಸಾಮಾನು ಎಷ್ಟು ಬೇಕು

70-300 ಮಿ.ಮೀ. ಲೆನ್ಸ್ ಇದ್ದರೆ ಅದರಲ್ಲೇ ಆರಂಭಿಸಿ. 100-400 ಅಥವಾ 150-600 ಕೊಳ್ಳುವ ಮನಸ್ಸಿದ್ದರೂ ಮೊದಲ ಎರಡು ತಿಂಗಳು ಇರುವುದರಲ್ಲೇ ಕೆಲಸ ಮಾಡಿ. ನಿಮಗೆ ಕಡಿಮೆ ಬೀಳುತ್ತಿರುವುದು ಲೆನ್ಸ್ ಉದ್ದವೋ ಹಕ್ಕಿಯ ಹತ್ತಿರ ಹೋಗುವ ತಾಳ್ಮೆಯೋ ಎನ್ನುವುದು ಆಗ ಗೊತ್ತಾಗುತ್ತದೆ. ಲೆನ್ಸ್ ಮುಂದೆ ಅಗ್ಗದ ಯುವಿ ಫಿಲ್ಟರ್ ಹಾಕಿದ್ದರೆ ತೆಗೆದುಬಿಡಿ. ಉದ್ದ ಲೆನ್ಸ್‌ಗಳಲ್ಲಿ ಅದು ಪುಕ್ಕದ ಎಳೆಗಳನ್ನು ಮಂಕು ಮಾಡುತ್ತದೆ. ರಕ್ಷಣೆಗೆ ಹುಡ್ ಸಾಕು.

ಟ್ರೈಪಾಡಿಗಿಂತ ಮೊದಲು ಒಂದು ಬೀನ್ ಬ್ಯಾಗ್ ಮಾಡಿಕೊಳ್ಳಿ. ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ, ಒಂದು ಬದಿ ಹೊಲಿದು, ಒಳಗೆ ಪ್ಲಾಸ್ಟಿಕ್ ಚೀಲವಿಟ್ಟು ಒಂದೂವರೆ ಕಿಲೋ ಕಡಲೆಕಾಳು ತುಂಬಿ ಬಾಯಿ ಹೊಲಿಯಿರಿ. ಪೂರ್ತಿ ಗಟ್ಟಿಯಾಗಿ ತುಂಬಬೇಡಿ, ಮುಕ್ಕಾಲು ಭಾಗ ಇದ್ದರೆ ಲೆನ್ಸ್ ಅದರೊಳಗೆ ಹುದುಗಿ ಕೂರುತ್ತದೆ. ಪ್ಲಾಸ್ಟಿಕ್ ಇಲ್ಲದಿದ್ದರೆ ಮಳೆಗಾಲದಲ್ಲಿ ಕಾಳು ನೆನೆದು ಮೊಳಕೆ ಬರುತ್ತದೆ. ಏರಿಯ ಕಲ್ಲು, ಕಾರಿನ ಕಿಟಕಿ, ನೆಲ, ಎಲ್ಲಿ ಬೇಕಾದರೂ ಇದನ್ನಿಟ್ಟು ಕೆಲಸ ಮಾಡಬಹುದು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಬಟ್ಟೆಯ ಬ್ಯಾಗಿನಲ್ಲಿ ಬಿಡಬಾರದು, ಫಂಗಸ್ ಹಿಡಿಯುತ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.

ಸೆಟ್ಟಿಂಗ್ ಮತ್ತು ಅದರ ಕಾರಣ

ಮ್ಯಾನುಯಲ್ ಮೋಡ್, ಆಟೋ ಐಎಸ್‌ಒ. ಶಟರ್ ಸ್ಪೀಡ್ (ಬೆಳಕು ಬೀಳುವ ಹೊತ್ತು, ಸೆಕೆಂಡಿನ ಭಾಗಗಳಲ್ಲಿ), ಅಪರ್ಚರ್ (ಲೆನ್ಸ್ ಕಿಂಡಿಯ ಅಗಲ) ಎರಡೂ ನಿಮ್ಮ ಕೈಯಲ್ಲಿರಲಿ; ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆಯನ್ನು ಕ್ಯಾಮೆರಾ ನೋಡಿಕೊಳ್ಳಲಿ. ನಿಂತ ಬಕಕ್ಕೆ 1/640, ಚಟುವಟಿಕೆಯ ಸಣ್ಣ ಹಕ್ಕಿಗೆ 1/1000, ಹಾರಾಟಕ್ಕೆ 1/2000ರಿಂದ 1/3200. ಅಪರ್ಚರ್ ಎಫ್ 5.6ರಿಂದ ಎಫ್ 8ರ ನಡುವೆ. ಆಟೋ ಐಎಸ್‌ಒಗೆ ಮಿತಿ 6400 ಎಂದು ಹಾಕಿಕೊಳ್ಳಿ. ಹೊಸಬರು ಐಎಸ್‌ಒ 800 ದಾಟಿದರೆ ಹೆದರಿ ಶಟರ್ ಸ್ಪೀಡ್ ಇಳಿಸುತ್ತಾರೆ. ಕಾಳುಕಾಳಾಗಿ ಬಂದ ಚೂಪು ಚಿತ್ರವನ್ನು ಆಮೇಲೆ ಸರಿಪಡಿಸಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ.

ಫೋಕಸ್ ಸದಾ ನಿರಂತರ ಮೋಡ್‌ನಲ್ಲಿರಲಿ: ಕ್ಯಾನನ್‌ನ ಹಳೆಯ ಕ್ಯಾಮೆರಾಗಳಲ್ಲಿ ಎಐ ಸರ್ವೋ, ಹೊಸವುಗಳಲ್ಲಿ ಸರ್ವೋ ಎಎಫ್, ನಿಕಾನ್, ಸೋನಿಗಳಲ್ಲಿ ಎಎಫ್-ಸಿ. ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯವಿರುವ ಮಿರರ್‌ಲೆಸ್ ಕ್ಯಾಮೆರಾ ಆದರೂ ಜೊಂಡಿನ ಮಧ್ಯೆ ಅದು ಎಡವುತ್ತದೆ. ಅಲ್ಲಿ ಒಂದೇ ಸಣ್ಣ ಫೋಕಸ್ ಪಾಯಿಂಟ್‌ಗೆ ಬದಲಿಸಿಕೊಳ್ಳುವುದು ಕೈಗೆ ಅಭ್ಯಾಸವಾಗಿರಬೇಕು. ಫೋಕಸನ್ನು ಶಟರ್ ಬಟನ್‌ನಿಂದ ಬಿಡಿಸಿ ಹಿಂಬದಿಯ ಎಎಫ್-ಆನ್ ಬಟನ್‌ಗೆ ಕೊಟ್ಟರೆ ಹಕ್ಕಿ ನಿಂತಾಗ ಹೆಬ್ಬೆರಳು ಬಿಡುವುದು, ಹಾರಿದಾಗ ಒತ್ತಿ ಹಿಡಿಯುವುದು, ಇಷ್ಟರಲ್ಲೇ ಎರಡೂ ಕೆಲಸ ಆಗುತ್ತದೆ. ಒಂದು ವಾರ ಕೈ ತಪ್ಪುತ್ತದೆ, ಆಮೇಲೆ ಹಳೆಯ ರೀತಿಗೆ ಮರಳಲು ಮನಸ್ಸಾಗುವುದಿಲ್ಲ.

ಇನ್ನು ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಎಂಬುದು. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್‌ಗೆ ಹಕ್ಕಿ ಯಾವುದೆಂದು ಗೊತ್ತಿಲ್ಲ. ಎದುರಿಗಿರುವ ಎಲ್ಲವನ್ನೂ ಸೇರಿಸಿ ಮಧ್ಯಮ ಬೂದಿಯಾಗಿಸಲು ನೋಡುತ್ತದೆ. ಕಪ್ಪು ನೀರಿನ ಮುಂದೆ ಸಣ್ಣದಾಗಿ ನಿಂತ ಬೆಳ್ಳಕ್ಕಿಯನ್ನು ತೆಗೆದರೆ ನೀರನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಅಲ್ಲಿ ಕಾಂಪೆನ್ಸೇಷನ್ (ಮೀಟರ್‌ನ ಲೆಕ್ಕಕ್ಕೆ ನಾವು ಕೊಡುವ ತಿದ್ದುಪಡಿ) ಮೈನಸ್ 1 ಬೇಕು. ಬಿಳಿ ಆಕಾಶದ ಎದುರು ಕುಳಿತ ಕಾಗೆಗೆ ಇದರ ಉಲ್ಟಾ, ಪ್ಲಸ್ 1ರಿಂದ ಪ್ಲಸ್ 1.7.

ಈ ಪಾಠವನ್ನು ಕೊಳಬಕದಷ್ಟು ಚೆನ್ನಾಗಿ ಕಲಿಸುವ ಹಕ್ಕಿ ಇನ್ನೊಂದಿಲ್ಲ. ನಿಂತಾಗ ಮಣ್ಣಿನ ಬಣ್ಣ. ರೆಕ್ಕೆ ಬಿಚ್ಚಿದ್ದೇ ತಡ ಅಚ್ಚ ಬಿಳಿ. ಕಂದು ಬೆನ್ನಿಗೆ ಸರಿಯಾಗಿ ಎಕ್ಸ್‌ಪೋಸ್ ಮಾಡಿಕೊಂಡು ಕುಳಿತವರ ಚಿತ್ರದಲ್ಲಿ ಹಾರುವ ಕ್ಷಣಕ್ಕೆ ರೆಕ್ಕೆಗಳೆರಡೂ ವಿವರವೇ ಇಲ್ಲದ ಬಿಳಿ ಕಾಗದದಂತೆ ಬರುತ್ತವೆ. ಹೀಗಾಗಿ ಹಾರಾಟಕ್ಕೆ ಕಾಯುವಾಗ ಆಟೋ ಐಎಸ್‌ಒ ಬಿಟ್ಟು ಮೂರನ್ನೂ ಕೈಯಿಂದಲೇ ಹಾಕಿ. ಏರು ಬಿಸಿಲಿನಲ್ಲಿ, ಮೋಡವಿಲ್ಲದಾಗ, ಮಧ್ಯಮ ಬಣ್ಣದ ಹಕ್ಕಿಗೆ ಐಎಸ್‌ಒ 400, ಎಫ್ 8, 1/1600 ಸರಿಹೊಂದುತ್ತದೆ. ಬಿಳಿ ರೆಕ್ಕೆಗೆ ಅದೇ ಲೆಕ್ಕದಲ್ಲಿ 1/3200. ನಿಂತ ಬಕ ಸ್ವಲ್ಪ ಕಪ್ಪಾಗಿ ಕಾಣುತ್ತದೆ, ಕಾಣಲಿ. ನೆರಳನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ಮರಳಿ ತರಲಾಗದು. ಪಕ್ಕದಲ್ಲಿ ಬೆಳ್ಳಕ್ಕಿ ಇದ್ದರೆ ಮೊದಲು ಅದರ ಒಂದು ಫೋಟೋ ತೆಗೆದು, ಪರದೆಯಲ್ಲಿ ಬಿಳಿ ಭಾಗ ಮಿನುಗುವ ಎಚ್ಚರಿಕೆ ಬರುತ್ತದೋ ನೋಡಿ. ಬಂದರೆ ಮಿನುಗು ನಿಲ್ಲುವವರೆಗೆ ಶಟರ್ ಸ್ಪೀಡ್ ಏರಿಸಿ, ಅದೇ ಸೆಟ್ಟಿಂಗನ್ನು ಬಕಕ್ಕೆ ಇಟ್ಟುಕೊಳ್ಳಿ.

ಫೈಲ್ ರಾ (RAW) ಆಗಿರಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್. ಗುಂಡಿ ಒತ್ತಿ ಹಿಡಿದು ನಲವತ್ತು ಫ್ರೇಮ್ ಹೊಡೆಯುವುದಕ್ಕಿಂತ ಮೂರು ಮೂರರ ಗುಂಪಿನಲ್ಲಿ ತೆಗೆಯಿರಿ. ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ಕ್ಯಾಮೆರಾ ಕಾರ್ಡಿಗೆ ಬರೆಯುತ್ತಾ ಕುಳಿತಾಗಲೇ ಬಕ ಮೀನು ಹಿಡಿಯುವುದು.

ಎಲ್ಲಿ ನಿಲ್ಲಬೇಕು

ಚಿತ್ರದ ಅರ್ಧಕ್ಕಿಂತ ಹೆಚ್ಚು ಇಲ್ಲೇ ತೀರ್ಮಾನವಾಗುತ್ತದೆ. ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಕೆರೆಯಲ್ಲಿರಿ, ಎಂಟೂವರೆ ಒಂಬತ್ತಕ್ಕೆ ಕ್ಯಾಮೆರಾ ಒಳಗಿಡಿ. ನಿಮ್ಮ ನೆರಳು ಹಕ್ಕಿಯ ಕಡೆ ಚಾಚಿರಬೇಕು. ನೆರಳು ಪಕ್ಕಕ್ಕೆ ಬಿದ್ದಿದ್ದರೆ ಹಕ್ಕಿಯ ಮುಖ ಅರ್ಧ ಕಪ್ಪು ಎಂದೇ ಅರ್ಥ.

ಸೂರ್ಯನಷ್ಟೇ ಗಾಳಿಯೂ ಮುಖ್ಯ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಹಕ್ಕಿಗಳು ಏಳುವುದೂ ಇಳಿಯುವುದೂ ಎದುರುಗಾಳಿಗೆ. ಕುಳಿತಾಗಲೂ ಗರಿ ಕೆದರದಂತೆ ಗಾಳಿಗೆ ಮುಖ ಮಾಡಿರುತ್ತವೆ. ಗಾಳಿ ನಿಮ್ಮ ಬೆನ್ನಿನಿಂದ ಬೀಸುತ್ತಿದ್ದರೆ ಹಕ್ಕಿ ನಿಮ್ಮತ್ತ ಮುಖ ಮಾಡಿ ಇಳಿಯುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ. ಬೆಳಿಗ್ಗೆ ಸೂರ್ಯನನ್ನು ಬೆನ್ನಿಗಿಟ್ಟುಕೊಂಡರೆ ಗಾಳಿ ಎದುರಿಗಿರುತ್ತದೆ, ಸಿಗುವುದೆಲ್ಲ ಹಕ್ಕಿಯ ಬಾಲ. ಆ ತಿಂಗಳುಗಳಲ್ಲಿ ಹಾರಾಟಕ್ಕೆ ಸಂಜೆ ಹೋಗಬೇಕು, ಸೂರ್ಯನೂ ಗಾಳಿಯೂ ಒಂದೇ ಕಡೆ ಬರುತ್ತವೆ. ಚಳಿಗಾಲದಲ್ಲಿ ಮೂಡಣ ಗಾಳಿ ಇದ್ದಾಗ ಬೆಳಗಿನ ಹೊತ್ತೇ ಸರಿ. ಒಂದು ಹಿಡಿ ಒಣಹುಲ್ಲು ಮೇಲಕ್ಕೆ ತೂರಿ ಗಾಳಿ ನೋಡಿಕೊಂಡು ಜಾಗ ಆರಿಸಿ.

ಎತ್ತರ ಇನ್ನೊಂದು ವಿಷಯ. ಏರಿಯ ಮೇಲೆ ನಿಂತು ಕೆಳಗಿನ ಬಕವನ್ನು ತೆಗೆದರೆ ಹಿನ್ನೆಲೆಗೆ ಕೆಸರು, ಪ್ಲಾಸ್ಟಿಕ್ಕು, ಅಂತರಗಂಗೆ ಎಲ್ಲ ಚೂಪಾಗಿ ಬಂದು ಕೂರುತ್ತವೆ. ಅದೇ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಮಲಗಿದರೆ ಹಿನ್ನೆಲೆ ಐವತ್ತು ಮೀಟರ್ ಆಚೆಯ ದಡವಾಗುತ್ತದೆ, ಕರಗಿದ ಹಸಿರಾಗುತ್ತದೆ. ಹಕ್ಕಿಗೂ ನಿಮಗೂ ಇರುವ ದೂರಕ್ಕಿಂತ ಹಕ್ಕಿಗೂ ಹಿನ್ನೆಲೆಗೂ ಇರುವ ದೂರ ಕನಿಷ್ಠ ಎರಡರಷ್ಟಿರಲಿ. ಮಲಗುವ ಮುಂಚೆ ಕೋಲಿನಿಂದ ಹುಲ್ಲು ತಟ್ಟಿ ಹಾವಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಹತ್ತಿರ ಹೋಗುವಾಗ ನೇರವಾಗಿ ನಡೆಯಬೇಡಿ, ಓರೆಯಾಗಿ ಹೋಗಿ. ಐದು ಹೆಜ್ಜೆ, ಒಂದು ನಿಮಿಷ ನಿಲ್ಲಿ, ಮತ್ತೆ ಐದು. ಬಕ ಕುತ್ತಿಗೆ ಉದ್ದ ಮಾಡಿ ಮೈ ಬಿಗಿ ಹಿಡಿದರೆ ಅದು ನಿಮ್ಮನ್ನು ಅಳೆಯುತ್ತಿದೆ, ಅಲ್ಲೇ ಕುಳಿತುಬಿಡಿ. ಕುತ್ತಿಗೆ ಒಳಗೆಳೆದುಕೊಂಡಾಗ ಮುಂದುವರಿಯಿರಿ. ಮೀನಿನ ಮೇಲೆ ಕಣ್ಣಿಟ್ಟಾಗಿನ ಭಂಗಿಯೇ ಬೇರೆ: ಮೈ ನೆಲಕ್ಕೆ ಸಮವಾಗಿ ತಗ್ಗುತ್ತದೆ, ಕೊಕ್ಕು ನೀರಿನತ್ತ ಓರೆಯಾಗುತ್ತದೆ, ಕತ್ತು ಅಂಗುಲ ಅಂಗುಲವಾಗಿ ಮುಂದೆ ಸಾಗುತ್ತದೆ, ಕಾಲಿನ ಬೆರಳುಗಳು ಕಲ್ಲನ್ನು ಬಿಗಿಯುತ್ತವೆ. ಕತ್ತಿನ ಚಲನೆ ಪೂರ್ತಿ ನಿಂತ ಮರುಕ್ಷಣ ಎರಗುತ್ತದೆ. ನಿಂತದ್ದು ಕಂಡಾಗಲೇ ಶಟರ್ ಒತ್ತಬೇಕು. ಎರಗಿದ್ದು ಕಂಡ ಮೇಲೆ ಒತ್ತಿದರೆ ನಿಮಗೆ ಸಿಗುವುದು ನೀರಿನ ಸಿಡಿತ ಮಾತ್ರ.

ಅಭ್ಯಾಸ

ಮೊದಲ ಎರಡು ವಾರ ನಿಂತ ಹಕ್ಕಿ ಮಾತ್ರ. ಗುರಿ ಒಂದೇ: ಕಣ್ಣು ಚೂಪಾಗಿರಬೇಕು, ಅದರಲ್ಲಿ ಸೂರ್ಯನ ಹೊಳಪಿನ ಚುಕ್ಕಿ ಇರಬೇಕು, ತಲೆ ಸ್ವಲ್ಪವಾದರೂ ನಿಮ್ಮ ಕಡೆ ತಿರುಗಿರಬೇಕು. ತಲೆ ನಾಲ್ಕೈದು ಡಿಗ್ರಿ ಆಚೆ ತಿರುಗಿದರೂ ಚಿತ್ರ ಸಪ್ಪೆಯಾಗುತ್ತದೆ. ಒಂದು ದಿನಕ್ಕೆ ಐವತ್ತು ಫ್ರೇಮ್ ಮೀರದಂತೆ ನಿಮಗೆ ನೀವೇ ಮಿತಿ ಹಾಕಿಕೊಳ್ಳಿ.

ಮುಂದಿನ ಎರಡು ವಾರ ಎಕ್ಸ್‌ಪೋಷರ್. ಬೆಳ್ಳಕ್ಕಿ, ಬಕ, ನೀರುಕಾಗೆ ಮೂರನ್ನೂ ಅದೇ ಬೆಳಿಗ್ಗೆ, ಬಿಸಿಲಲ್ಲೂ ನೆರಳಲ್ಲೂ ತೆಗೆಯಿರಿ. ಪ್ರತಿ ಫೋಟೋಗೆ ಮುಂಚೆ ಕಾಂಪೆನ್ಸೇಷನ್ ಎಷ್ಟು ಬೇಕಾದೀತು ಎಂದು ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿ ತಾಳೆ ಹಾಕಿ.

ಹಾರಾಟಕ್ಕೆ ಬಕಕ್ಕಿಂತ ಮೊದಲು ಹದ್ದು ಒಳ್ಳೆಯದು, ದೊಡ್ಡದಾಗಿ ನಿಧಾನಕ್ಕೆ ಸುತ್ತುತ್ತದೆ. ಝೂಮ್ ಪೂರ್ತಿ ಎಳೆದು ಆಕಾಶದಲ್ಲಿ ಹಕ್ಕಿ ಹುಡುಕುವುದು ಎಲ್ಲರೂ ಮಾಡುವ ತಪ್ಪು. 200-250ರಲ್ಲಿ ಹಿಡಿದು, ಫೋಕಸ್ ಕೂತ ಮೇಲೆ ಝೂಮ್ ಮಾಡಿ. ಹಕ್ಕಿ ಎಲ್ಲಿಗೆ ಬಂದಾಗ ಕ್ಲಿಕ್ ಮಾಡಬೇಕೋ ಆ ದಿಕ್ಕಿಗೆ ಪಾದ ಊರಿ ಸೊಂಟ ಮಾತ್ರ ತಿರುಗಿಸಿ. ಹಕ್ಕಿ ಇರುವ ಕಡೆಗೆ ಪಾದವಿಟ್ಟರೆ ಬೇಕಾದ ಹೊತ್ತಿಗೆ ಸೊಂಟ ಸಿಕ್ಕಿಕೊಂಡು ಲೆನ್ಸ್ ಜರ್ಕ್ ಹೊಡೆಯುತ್ತದೆ. ಕ್ಲಿಕ್ ಆದ ಮೇಲೂ ಒಂದು ಕ್ಷಣ ಲೆನ್ಸ್ ತಿರುಗುತ್ತಲೇ ಇರಲಿ. ಲೆನ್ಸ್ ಮೇಲೆ ಫೋಕಸ್ ಮಿತಿಯ ಸ್ವಿಚ್ ಇದ್ದರೆ ದೂರದ ವ್ಯಾಪ್ತಿಗೆ ಹಾಕಿ, ಫೋಕಸ್ ಸುಮ್ಮನೆ ಹತ್ತಿರಕ್ಕೆ ಬಂದು ಅಲೆಯುವುದು ತಪ್ಪುತ್ತದೆ.

ಇಳಿಯುವ ಚಿತ್ರಕ್ಕೆ ಕಳ್ಳಿಪೀರ ಹುಡುಕಿ. ಬೇಲಿ ತಂತಿಯಿಂದ ಹಾರಿ, ಹುಳ ಹಿಡಿದು, ಬಹುಪಾಲು ಅದೇ ಜಾಗಕ್ಕೆ ಮರಳುತ್ತದೆ. ಕೂತಿದ್ದಾಗಲೇ ಫೋಕಸ್ ಮಾಡಿ ಹೆಬ್ಬೆರಳು ಬಿಡಿ. ಹಾರಿತೆಂದು ಹಿಂಬಾಲಿಸಬೇಡಿ, ತಂತಿಯ ಮೇಲೇ ಲೆನ್ಸ್ ಇರಲಿ. ಹಕ್ಕಿ ಬಂದು ಸೇರುವ ಕಡೆ ಫ್ರೇಮ್‌ನಲ್ಲಿ ಜಾಗ ಬಿಟ್ಟು ಕಾಯಿರಿ. ಹತ್ತು ಸಲದಲ್ಲಿ ಒಂದು ಸರಿಯಾದರೂ ಅದು ಒಳ್ಳೆಯ ಬೆಳಗು.

ಕೆಟ್ಟ ಚಿತ್ರವನ್ನು ಓದುವುದು

ಚಿತ್ರ ಯಾಕೆ ಕೆಟ್ಟಿತು ಎಂಬುದರ ಗುರುತು ಆ ಚಿತ್ರದೊಳಗೇ ಇರುತ್ತದೆ. "ಶಾರ್ಪ್ ಬಂದಿಲ್ಲ" ಎಂಬ ಒಂದು ಮಾತಿನ ಹಿಂದೆ ಆರು ಬೇರೆ ಬೇರೆ ಕಾಯಿಲೆಗಳಿವೆ, ಔಷಧಿಯೂ ಬೇರೆ ಬೇರೆ. ದಿನದ ಕೊನೆಗೆ ಹತ್ತು ಕೆಟ್ಟ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ 100 ಪರ್ಸೆಂಟ್‌ಗೆ ದೊಡ್ಡದು ಮಾಡಿ ಪತ್ತೇದಾರರಂತೆ ಕುಳಿತು ನೋಡಿ. ಒಳ್ಳೆಯ ಚಿತ್ರಗಳನ್ನು ನೋಡಿ ಖುಷಿಪಡುವುದು ಆಮೇಲೆ.

ಮೊದಲು ಕಣ್ಣಿನ ಹೊಳಪು. ಅದು ದುಂಡು ಚುಕ್ಕಿಯಾಗಿರದೆ ಸಣ್ಣ ಗೆರೆಯಾಗಿದ್ದರೆ ಏನೋ ಅಲುಗಿದೆ. ಈಗ ಹಕ್ಕಿ ಕುಳಿತ ಕಲ್ಲನ್ನು ನೋಡಿ. ಕಲ್ಲಿನ ಮೇಲೂ ಅದೇ ದಿಕ್ಕಿನ ಗೆರೆಗಳಿದ್ದರೆ ಅಲುಗಿದ್ದು ನಿಮ್ಮ ಕೈ. ಗೆರೆ ಮೇಲೆ ಕೆಳಗೆ ಇದ್ದರೆ ಶಟರ್ ಬಟನ್ನನ್ನು ಕುಟ್ಟುತ್ತಿದ್ದೀರಿ, ಬೆರಳನ್ನು ಉರುಳಿಸಿ ಒತ್ತಬೇಕು. ಕಲ್ಲು ಚೂಪಾಗಿದ್ದು ಕಣ್ಣು ಮಾತ್ರ ಗೆರೆಯಾಗಿದ್ದರೆ ಅಲುಗಿದ್ದು ಹಕ್ಕಿ. ಆಗ ಟ್ರೈಪಾಡ್ ಕೊಂಡರೆ ಪ್ರಯೋಜನವಿಲ್ಲ, ಶಟರ್ ಸ್ಪೀಡ್ ಒಂದೇ ದಾರಿ.

ಎಲ್ಲೂ ಗೆರೆ ಇಲ್ಲ, ಆದರೂ ಹಕ್ಕಿ ಮಬ್ಬು. ಹಾಗಿದ್ದರೆ ಚಿತ್ರದಲ್ಲಿ ಯಾವುದು ಚೂಪಾಗಿದೆ ಎಂದು ಹುಡುಕಿ. ಮುಂದಿನ ಜೊಂಡು ಚೂಪಾಗಿದ್ದರೆ ಫೋಕಸ್ ಪಾಯಿಂಟ್ ದೊಡ್ಡದಾಗಿ ಎದುರಿಗೆ ಮೊದಲು ಸಿಕ್ಕಿದ್ದನ್ನು ಹಿಡಿದಿದೆ. ಹಕ್ಕಿಯ ಭುಜ ಚೂಪು, ಕಣ್ಣು ಮಬ್ಬು ಎಂದಾದರೆ ಅದು ಆಳದ ಸಮಸ್ಯೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 400 ಮಿ.ಮೀ., ಎಫ್ 5.6, 8 ಮೀಟರ್ ದೂರಕ್ಕೆ ಚೂಪಾಗಿರುವ ಪದರ ಸುಮಾರು 9 ಸೆಂ.ಮೀ. ಮಾತ್ರ. 5 ಮೀಟರ್‌ಗೆ ಬಂದರೆ ಮೂರೂವರೆ ಸೆಂ.ಮೀ. ಹಕ್ಕಿ ನಿಮ್ಮತ್ತ ಎದೆ ತೋರಿಸಿ ನಿಂತಾಗ ಕೊಕ್ಕಿನ ತುದಿಯಿಂದ ಭುಜದವರೆಗೆ ಅದಕ್ಕಿಂತ ಹೆಚ್ಚಿರುತ್ತದೆ. ಒಂದೋ ಎಫ್ 8ಕ್ಕೆ ಹೋಗಿ, ಇಲ್ಲವೇ ಹಕ್ಕಿ ಪಕ್ಕಕ್ಕೆ ತಿರುಗುವವರೆಗೆ ಕಾಯಿರಿ. ಎರಡರಲ್ಲಿ ಕಾಯುವುದೇ ಮೇಲು.

ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಬಳಸುವವರಿಗೆ ಪ್ರತಿ ಚಿತ್ರದಲ್ಲೂ ಫೋಕಸ್ ಒಂದೇ ಪ್ರಮಾಣದಲ್ಲಿ ಹಿಂದೆ ಅಥವಾ ಮುಂದೆ ಬೀಳುತ್ತಿದ್ದರೆ ಇಟ್ಟಿಗೆ ಗೋಡೆಯನ್ನೋ ಮೈಲಿಗಲ್ಲನ್ನೋ ಟ್ರೈಪಾಡ್ ಮೇಲಿಂದ ಹತ್ತು ಸಲ ವ್ಯೂಫೈಂಡರ್‌ನಲ್ಲಿ, ಹತ್ತು ಸಲ ಲೈವ್ ವ್ಯೂನಲ್ಲಿ ತೆಗೆದು ನೋಡಿ. ಲೈವ್ ವ್ಯೂನದ್ದು ಮಾತ್ರ ಚೂಪಾಗಿದ್ದರೆ ಲೆನ್ಸ್-ಕ್ಯಾಮೆರಾ ಹೊಂದಾಣಿಕೆ ತಪ್ಪಿದೆ, ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್ ಇದ್ದರೆ ಸರಿಪಡಿಸಬಹುದು.

ಯಾವುದೂ ಚೂಪಾಗಿಲ್ಲ, ಗೆರೆಯೂ ಇಲ್ಲ, ಪುಕ್ಕದ ಅಂಚುಗಳು ನೀರಲ್ಲಿ ಅದ್ದಿದಂತೆ ಅಂಕುಡೊಂಕು. ಒಂದೇ ಗುಂಪಿನ ಐದು ಫ್ರೇಮ್‌ಗಳಲ್ಲಿ ಒಂದೊಂದೂ ಒಂದೊಂದು ರೀತಿ ಇದ್ದರೆ ಅದು ಬಿಸಿಗಾಳಿಯ ಅಲೆ. ಒಂಬತ್ತು ಗಂಟೆಯ ಮೇಲೆ ಕಾದ ಏರಿಯ ಮಣ್ಣು, ಡಾಂಬರು ರಸ್ತೆಗಳ ಮೇಲಿಂದ ತೆಗೆದ ದೂರದ ಚಿತ್ರಗಳಿಗೆ ಇದು ಖಂಡಿತ. ಎಷ್ಟೇ ದುಬಾರಿ ಲೆನ್ಸ್ ಆದರೂ ಇದಕ್ಕೆ ಉತ್ತರವಿಲ್ಲ. ಬೇಗ ಬರುವುದು ಅಥವಾ ಹತ್ತಿರ ಹೋಗುವುದು ಎರಡೇ. ಎಷ್ಟೋ ಜನ ಈ ಕಾರಣಕ್ಕೇ ಒಳ್ಳೆಯ ಲೆನ್ಸನ್ನು ಸರ್ವಿಸ್‌ಗೆ ಕೊಟ್ಟು ದುಡ್ಡು ಕಳೆದುಕೊಳ್ಳುತ್ತಾರೆ.

ಎಲ್ಲ ಸರಿಯಿದ್ದು ಕಣ್ಣು ಮಾತ್ರ ಹಾಲು ಬಳಿದಂತೆ ಬಿಳಿಯಾಗಿದ್ದರೆ ಅದು ನಿಮ್ಮ ತಪ್ಪಲ್ಲ. ಹಕ್ಕಿಗಳ ಕಣ್ಣಿಗೆ ಪಕ್ಕದಿಂದ ಸರಿಯುವ ಮೂರನೆಯ ರೆಪ್ಪೆಯೊಂದಿದೆ. ಎರಗುವಾಗಲೂ ಅದು ಮುಚ್ಚುತ್ತದೆ. ಮೂರು ಮೂರು ಫ್ರೇಮ್ ತೆಗೆಯಿರಿ ಎಂದದ್ದು ಇದಕ್ಕೂ ಸೇರಿಯೇ.

ಆರಿಸುವುದು, ತಿದ್ದುವುದು

ಇನ್ನೂರರಲ್ಲಿ ಐದು ಉಳಿಸಿ. ಉಳಿದವುಗಳಿಂದ ಕೆಟ್ಟದ್ದು ಮೂರನ್ನು "ಪಾಠ" ಎಂಬ ಫೋಲ್ಡರಿಗೆ ಹಾಕಿ ಮಿಕ್ಕದ್ದು ಅಳಿಸಿ. ಕ್ರಾಪ್ ಮಾಡುವಾಗ ಮೂಲ ಅಗಲದ ಅರ್ಧಕ್ಕಿಂತ ಕೆಳಗೆ ಹೋಗದಿರಿ. ಅರ್ಧಕ್ಕೆ ಇಳಿದರೆ 24 ಮೆಗಾಪಿಕ್ಸೆಲ್ ಚಿತ್ರ 6 ಮೆಗಾಪಿಕ್ಸೆಲ್ ಆಗಿರುತ್ತದೆ. ಹಕ್ಕಿ ನೋಡುತ್ತಿರುವ ಕಡೆ ಹೆಚ್ಚು ಜಾಗ ಬಿಡಿ, ಬಾಲದ ತುದಿ, ನೀರಿನಲ್ಲಿನ ಬಿಂಬ ಕತ್ತರಿಸಬೇಡಿ. ಮಿಂಚುಳ್ಳಿಯ ನೀಲಿಗೆ ಬಣ್ಣ ಏರಿಸಿದರೆ ಗರಿಯ ಎಳೆಗಳು ಮಾಯವಾಗಿ ಪ್ಲಾಸ್ಟಿಕ್ ಆಟಿಕೆಯಂತಾಗುತ್ತದೆ. ಬಿಸಿಲಿನಲ್ಲಿ ತೆಗೆದಿದ್ದರೆ ನೀಲಿಯನ್ನು ಇಳಿಸಬೇಕಾಗುತ್ತದೆ. ಅಡ್ಡ ಬಂದ ಕಡ್ಡಿಯನ್ನು ಅಳಿಸುವುದು, ಇನ್ನೊಂದು ಹಕ್ಕಿಯನ್ನು ಸೇರಿಸುವುದು ಬೇಡ. ಪ್ರಕೃತಿ ವಿಭಾಗದ ಸ್ಪರ್ಧೆಗಳಲ್ಲಿ ಅಂಥ ಚಿತ್ರ ತಿರಸ್ಕೃತವಾಗುತ್ತದೆ ಎನ್ನುವುದೊಂದು; ಕಡ್ಡಿ ಅಳಿಸಲು ಕಲಿತವರು ಕಡ್ಡಿ ಬರದಂತೆ ಎರಡು ಹೆಜ್ಜೆ ಸರಿಯುವುದನ್ನು ಎಂದೂ ಕಲಿಯುವುದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡದು.

ತೋರಿಸುವುದು, ಕೇಳುವುದು, ಹೇಳುವುದು

ಒಬ್ಬರೇ ಕಲಿಯುವುದಕ್ಕೆ ಒಂದು ಮಿತಿಯಿದೆ. ಚಿತ್ರ ನೋಡಿದಾಗ ನಿಮಗೆ ನೆನಪಾಗುವುದು ಆ ಬೆಳಗಿನ ಚಳಿ, ಕೆಸರಿನಲ್ಲಿ ಮಲಗಿದ್ದು, ಹಕ್ಕಿ ಹತ್ತಿರ ಬಂದದ್ದು. ಬೇರೆಯವರಿಗೆ ಅದ್ಯಾವುದೂ ಇಲ್ಲ, ಚಿತ್ರ ಮಾತ್ರ ಕಾಣುತ್ತದೆ. ಆ ಕಣ್ಣು ನಿಮಗೆ ಬೇಕು.

ಮೂರರಿಂದ ಐದು ಜನರ ಗುಂಪು ಸಾಕು. ವಾರಕ್ಕೊಂದು ದಿನ ಗೊತ್ತುಮಾಡಿ. ಪ್ರತಿಯೊಬ್ಬರೂ ಮೂರೇ ಚಿತ್ರ: ವಾರದಲ್ಲಿ ಚೆನ್ನಾಗಿ ಬಂದದ್ದೊಂದು, ಕೆಟ್ಟದ್ದೊಂದು, ಯಾಕೆ ಹಾಗಾಯಿತೆಂದು ಅರ್ಥವಾಗದ್ದೊಂದು. ಕ್ರಾಪ್ ಮಾಡಿದ್ದರ ಜೊತೆ ಕ್ರಾಪ್ ಮಾಡದ ಮೂಲವನ್ನೂ ಕೊಡಬೇಕು. ಸಲಹೆ ಹುಟ್ಟುವುದು ಹೆಚ್ಚಾಗಿ ಮೂಲದಿಂದಲೇ. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಹಿಂಡಿಹೋಗಿ ಚೂಪು ನೋಡುವುದಕ್ಕೆ ಬರುವುದಿಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಜೊತೆಗೆ ಇಷ್ಟು ಬರೆಯಿರಿ: ಹಕ್ಕಿ, ಹೊತ್ತು, ಅಂದಾಜು ದೂರ, ಫೋಕಲ್ ಲೆಂತ್, ಶಟರ್, ಅಪರ್ಚರ್, ಐಎಸ್‌ಒ, ಸೂರ್ಯ ಯಾವ ಕಡೆ ಇತ್ತು, ನೀವು ಏನು ತೋರಿಸಲು ಹೊರಟಿದ್ದಿರಿ. ಕೊನೆಗೆ ಒಂದೇ ಒಂದು ಪ್ರಶ್ನೆ.

"ಹೇಗಿದೆ ಸರ್?" ಎಂದು ಕೇಳಿದರೆ "ಸೂಪರ್ ಸರ್" ಎಂದೇ ಉತ್ತರ ಬರುತ್ತದೆ. "ಬಕ ಎರಗುವ ಮುಂಚಿನ ಬಿಗುವು ಕಾಣಬೇಕೆಂದಿದ್ದೆ, ಕಾಣುತ್ತಿದೆಯೇ? ಇಲ್ಲವಾದರೆ ಯಾವುದು ಅಡ್ಡ ಬರುತ್ತಿದೆ?" ಎಂದು ಕೇಳಿ ನೋಡಿ. ಎದುರಿನವರು ಚಿತ್ರವನ್ನು ನಿಜವಾಗಿ ನೋಡಬೇಕಾಗುತ್ತದೆ.

ಹೇಳುವವರ ಹೊಣೆ ಇನ್ನೂ ದೊಡ್ಡದು. ನೋಡುವ ಕ್ರಮ ಕಣ್ಣಿನಿಂದ ಶುರುವಾಗಲಿ, ಆಮೇಲೆ ಬೆಳಕು, ಹಿನ್ನೆಲೆ, ಕೊನೆಗೆ ಹಕ್ಕಿಯ ನಡವಳಿಕೆ. ಕಂಡದ್ದು, ಕಾರಣ, ಮುಂದಿನ ಸಲ ಮಾಡಬೇಕಾದದ್ದು, ಮೂರೂ ಇರಲಿ. "ಬೆಳಕು ಇನ್ನೂ ಚೆನ್ನಾಗಿರಬೇಕಿತ್ತು" ಎಂದರೆ ಕೇಳಿದವರಿಗೆ ಏನೂ ಸಿಗುವುದಿಲ್ಲ. "ಮುಖದ ಎಡಭಾಗ ನೆರಳಲ್ಲಿದೆ ಮೇಡಂ, ಸೂರ್ಯ ನಿಮ್ಮ ಬಲಕ್ಕಿತ್ತು. ಹಕ್ಕಿಯಿಂದ ಅಷ್ಟೇ ದೂರ ಇಟ್ಟುಕೊಂಡು ಬಲಕ್ಕೆ ಹತ್ತು ಹೆಜ್ಜೆ ಹೋಗಿದ್ದರೆ ಬೆಳಕು ಬೆನ್ನಿಗೆ ಬರುತ್ತಿತ್ತು, ಆ ಕಂಬವೂ ಹಿನ್ನೆಲೆಯಿಂದ ತಪ್ಪುತ್ತಿತ್ತು" ಎಂದರೆ ನಾಳೆ ಬೆಳಿಗ್ಗೆ ಮಾಡಲು ಒಂದು ಕೆಲಸ ಸಿಕ್ಕಿತು. ಒಂದು ಚಿತ್ರಕ್ಕೆ ಎರಡಕ್ಕಿಂತ ಹೆಚ್ಚು ತಪ್ಪು ಹೇಳಬೇಡಿ, ಎಂಟು ಹೇಳಿದರೆ ಒಂದೂ ಉಳಿಯುವುದಿಲ್ಲ. ಸರಿಯಾಗಿರುವುದನ್ನೂ ಕಾರಣ ಸಮೇತ ಹೇಳಬೇಕು, ಇಲ್ಲದಿದ್ದರೆ ಹೊಸಬರು ತಪ್ಪಿನ ಜೊತೆ ಅದನ್ನೂ ಬಿಟ್ಟುಬಿಡುತ್ತಾರೆ.

ಕೇಳಿಸಿಕೊಳ್ಳುವವರು ಸಮಜಾಯಿಷಿ ಕೊಡದೆ ಬರೆದುಕೊಳ್ಳಲಿ. ಮೂವರಲ್ಲಿ ಇಬ್ಬರು ಅದೇ ಮಾತು ಹೇಳಿದರೆ ಅದು ಮುಂದಿನ ವಾರದ ಅಭ್ಯಾಸ. ಒಬ್ಬರು ಮಾತ್ರ ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟು ಇನ್ನೊಮ್ಮೆ ಬರುತ್ತದೋ ನೋಡಿ. ಮುಂದಿನ ವಾರ ಅದೇ ಜಾಗದ, ಅದೇ ಹೊತ್ತಿನ ಹೊಸ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ತೋರಿಸಬೇಕು. ಈ ಎರಡನೇ ಚಿತ್ರ ಬರದಿದ್ದರೆ ಗುಂಪಿನ ಮಾತೆಲ್ಲ ಹರಟೆಯಾಗಿ ಉಳಿಯುತ್ತದೆ.

ಗುಂಪು ಒಪ್ಪಿಕೊಳ್ಳಬೇಕಾದ ಇನ್ನೊಂದು ನಿಯಮವಿದೆ. ಗೂಡಿನ ಚಿತ್ರ ಬೇಡ, ಮೊಬೈಲಿನಲ್ಲಿ ಕೂಗು ಹಾಕಿ ಕರೆದು ತೆಗೆದ ಚಿತ್ರ ಬೇಡ, ಕಲ್ಲೆಸೆದು ಹಾರಿಸಿ ತೆಗೆದದ್ದಂತೂ ಬೇಡವೇ ಬೇಡ. ಗೂಡಿನ ಮುಂದಿನ ಎಲೆ ಸರಿಸಿದರೆ ಕಾಗೆ, ಕೆಂಬೂತಗಳಿಗೆ ದಾರಿ ತೋರಿಸಿದಂತೆ. ತಾಯಿ ಅರ್ಧ ಗಂಟೆ ದೂರ ಉಳಿದರೆ ಬಿಸಿಲಿಗೆ ಮರಿ ಸಾಯಬಹುದು. ಟಿಟ್ಟಿಭ ಕೂಗುತ್ತಾ ನಿಮ್ಮ ತಲೆಯ ಮೇಲೆ ಸುತ್ತುತ್ತಿದ್ದರೆ ನೀವು ಅದರ ಮೊಟ್ಟೆಯ ಹತ್ತಿರವಿದ್ದೀರಿ, ಬಂದ ಹೆಜ್ಜೆಯಲ್ಲೇ ವಾಪಸ್ ಹೋಗಿ. ಗೂಬೆ ಹಗಲು ಕೂರುವ ಮರ ಯಾವುದೆಂದು ಗುಂಪಿನ ಹೊರಗೆ ಹೇಳಬೇಡಿ.

ಕೆರೆಯಿಂದ ಆಚೆ

ಕಣ್ಣು ಚೂಪಾದ, ಬಿಳಿ ಸುಡದ ಹಾರಾಟದ ಚಿತ್ರ ಒಂದೇ ಬೆಳಿಗ್ಗೆ ಎರಡು ಮೂರು ಬರತೊಡಗಿದಾಗ ಪ್ರಯಾಣ ಹೊರಡಿ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನಲ್ಲಿ ದೋಣಿ ಸದಾ ಅಲುಗುತ್ತದೆ, ಟ್ರೈಪಾಡ್ ಕೆಲಸಕ್ಕೆ ಬಾರದು, ನಿಂತ ಹಕ್ಕಿಗೂ 1/1600 ಬೇಕು. ಬೆಳಗಿನ ಮೊದಲ ದೋಣಿ ಹಿಡಿಯಿರಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಮರಗಳಲ್ಲೇ ಇರುತ್ತವೆ. ಅಲ್ಲಿ ಗೂಡಿಗೆ ಲೆನ್ಸ್ ಹಿಡಿಯುವ ಬದಲು ಊರ ಮೇಲೆ ಹಾರಿ ಬರುವ ಹಕ್ಕಿಗೆ ಕಾಯಿರಿ, ಮಹಡಿ ಹತ್ತುವ ಮುಂಚೆ ಮನೆಯವರನ್ನು ಕೇಳಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ದೂರದಲ್ಲೇ ಉಳಿಯುತ್ತವೆ. ಒಂಟಿ ಹಕ್ಕಿಯ ಆಸೆ ಬಿಟ್ಟು ಬೆಳಗಿನ ಬೆಳಕಿನಲ್ಲಿ ಏಳುವ ಇಡೀ ಹಿಂಡಿಗೆ ಎಫ್ 8ರಲ್ಲಿ ತಯಾರಾಗಿರಿ.

ಫೆಬ್ರುವರಿ, ಮಾರ್ಚ್‌ನಲ್ಲಿ ಬೂರುಗ, ಮುತ್ತುಗ ಹೂ ಬಿಟ್ಟಾಗ ದೂರ ಹೋಗುವುದೇ ಬೇಡ. ಒಂದು ಮರದ ಎದುರು ಸೂರ್ಯನನ್ನು ಬೆನ್ನಿಗಿಟ್ಟು ಎರಡು ಗಂಟೆ ಕುಳಿತರೆ ಗೊರವಂಕ, ಪಿಕಳಾರ, ಸೂರಕ್ಕಿ ಎಲ್ಲ ಅಲ್ಲಿಗೇ ಬರುತ್ತವೆ. ಹಾಗೆ ಹೂಬಿಟ್ಟ ಮರ, ಹಣ್ಣಾದ ಅತ್ತಿ, ಗಾಳಿಯ ದಿಕ್ಕು, ಬಕ ನಿಲ್ಲುವ ಕಲ್ಲು, ಬೆಳಕು ಆ ಕಲ್ಲಿಗೆ ತಲುಪುವ ಹೊತ್ತು, ಇವನ್ನು ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಮುಂದಿನ ವರ್ಷ ಅದೇ ವಾರಕ್ಕೆ ಪುಟ ತಿರುವಿದರೆ ಯಾವ ಬೆಳಿಗ್ಗೆ, ಯಾವ ಮರದ ಕೆಳಗೆ, ಯಾವ ಕಡೆ ಮುಖ ಮಾಡಿ ಕೂರಬೇಕು ಎಂಬುದು ಅಲ್ಲಿರುತ್ತದೆ.